ಹಿತ್ತಿಲಲ್ಲೊಂದು ಆವಿಗೆ



ಮಣ್ಣಿನ ಕುಡಿಕೆಯಲ್ಲಿ ಮೊಸರು ಹೆಪ್ಪು ಹಾಕುವುದರ ಬಗ್ಗೆ ಹಿಂದೆ ಬರೆದಿದ್ದೆ. ಆಗ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: “ಒಳ್ಳೆಯ ಮಣ್ಣಿನ ಪಾತ್ರೆ ಎಲ್ಲಿ ಸಿಗುತ್ತೆ?” ಒಬ್ಬ ಸೋದರಿಯಂತೂ “ಮನೆಯಲ್ಲೇ ಮಾಡಿ ಸುಟ್ಟುಕೊಳ್ಳಕ್ಕೆ ಆಗಲ್ವಾ?” ಅಂತ ಕೇಳಿದ್ದರು. ಆಗುತ್ತೆ. ನಾನೇ ನಮ್ಮ ಹಿತ್ತಿಲಲ್ಲಿ ಆವಿಗೆ ಕಟ್ಟಿದ್ದೇನೆ. ಆದರೆ ಮೊದಲನೇ ಸಲ ಬೆಂಕಿ ಹಾಕಿದಾಗ ಏನಾಯಿತು ಅನ್ನುವುದನ್ನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಇವತ್ತು ಹೇಳಿಬಿಡುತ್ತೇನೆ.

ನಮ್ಮದು ತಿಪಟೂರು. ಕೊಬ್ಬರಿಯ ಊರು. ಇಲ್ಲಿ ಸೌದೆಗೆ ಬರ ಬರಬಹುದು, ತೆಂಗಿನ ಮಟ್ಟೆ, ಗರಿ, ಕರಟಕ್ಕೆ ಬರವಿಲ್ಲ. ನಮ್ಮ ಮನೆಗೆ ಮಡಕೆ ಕೊಡುತ್ತಿದ್ದ ಅಜ್ಜಿಯೊಬ್ಬರು ಇದ್ದಾರೆ, ಎಪ್ಪತ್ತರ ಹತ್ತಿರದ ವಯಸ್ಸು. ತಿಗುರಿ ತಿರುಗಿಸುವುದು ಗಂಡಸರ ಕೆಲಸ, ಹಲಗೆಯಿಂದ ತಟ್ಟಿ ಮಡಕೆ ಹಿಗ್ಗಿಸುವುದು ಹೆಂಗಸರ ಕೆಲಸ ಅನ್ನುವುದು ಅವರಲ್ಲಿ ಹಳೆಯ ಪದ್ಧತಿ. ಅಜ್ಜ ಹೋದ ಮೇಲೆ ಎರಡನ್ನೂ ಅಜ್ಜಿಯೇ ಮಾಡುತ್ತಾ ಬಂದರು. ಮಗ ಆಟೋ ಓಡಿಸುತ್ತಾನೆ, ಮಣ್ಣು ಮುಟ್ಟುವುದಿಲ್ಲ.

ಕೆಲವು ತಿಂಗಳು ಅಜ್ಜಿ ಕಾಣಲೇ ಇಲ್ಲ. ನಾನೇ ಹುಡುಕಿಕೊಂಡು ಹೋದೆ. ಜಗುಲಿ ತುಂಬಾ ಹಸಿ ಮಡಕೆ ಬೋರಲು ಹಾಕಿ ಕೂತಿದ್ದರು.

“ಯಾಕಜ್ಜೀ, ಸುಟ್ಟಿಲ್ವಾ?”

“ಎಲ್ಲಿ ಸುಡ್ಲವ್ವಾ? ನಮ್ ಬೀದೀರೆಲ್ಲಾ ಸೇರಿ ಸುಡ್ತಿದ್ದ ಜಾಗದಾಗೆ ಈಗ ಮನೆ ಎದ್ದವೆ. ಕೈ ಆಡ್ತದೆ, ಬೆಂಕಿಗೆ ಜಾಗ ಇಲ್ಲ.”

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಎರಡು ಬಾಳೆ, ಒಂದು ಕರಿಬೇವು ಬಿಟ್ಟರೆ ಬರೀ ಬಯಲು. ನನಗೂ ಮಣ್ಣಿನ ಕೆಲಸ ಕಲಿಯುವ ಆಸೆ ಹಳೆಯದು. “ನಮ್ಮ ಹಿತ್ತಿಲಲ್ಲಿ ಕಟ್ಟೋಣ ಅಜ್ಜೀ. ನಿಮ್ಮ ಮಡಕೆ ಅಲ್ಲೇ ಸುಡಿ, ನನಗೆ ಕಲಿಸಿ” ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಜಮಾನ್ರನ್ನ ಕೇಳ್ದೆಯಾ?” ಅಂದರು.

ಕೇಳಿದೆ. ನಮ್ಮವರು ಪೇಪರ್ ಕೆಳಗಿಳಿಸದೇ “ಗ್ಯಾಸ್ ಮೇಲೆ ಹಾಲಿಟ್ಟು ಫೋನ್‌ನಲ್ಲಿ ಮಾತಾಡೋಳು ನೀನು, ಆವಿಗೆ ಕಾಯ್ತೀಯಾ?” ಅಂದರು. ಬೇಡ ಅನ್ನಲಿಲ್ಲ, ಅದೇ ನನಗೆ ಒಪ್ಪಿಗೆ. ಚೀಟಿ ದುಡ್ಡು ಕೈಗೆ ಬಂದಿತ್ತು.

ಕಟ್ಟಿದ ಬಗೆ

ಮನೆಯ ಗೋಡೆಯಿಂದ ಹದಿನೈದು ಅಡಿ ದೂರ, ಮೇಲೆ ಮರದ ಕೊಂಬೆ ಇಲ್ಲದ ಜಾಗ ಆರಿಸಿದೆವು. ಗ್ಯಾಸ್ ಸಿಲಿಂಡರ್ ಇಡುವ ಕಡೆಗೆ ಬೆನ್ನು, ಗಾಳಿ ನೇರ ನುಗ್ಗದ ಕಡೆಗೆ ಬಾಯಿ. ಕೆಡವಿದ ಹಳೇ ಮನೆಯೊಂದರ ಇಟ್ಟಿಗೆ ಅಗ್ಗಕ್ಕೆ ಸಿಕ್ಕಿತು. ಎಲ್ಲಾ ಸೇರಿ ಸುಮಾರು 350 ಹಿಡಿಯಿತು.

ಒಳಗಿನ ಅಳತೆ ಒಂದೂ ಮುಕ್ಕಾಲು ಅಡಿ ಚೌಕ. ಗೋಡೆಯ ದಪ್ಪ ಒಂದು ಇಟ್ಟಿಗೆ ಉದ್ದ, ಅಂದರೆ 9 ಇಂಚು. ಕೆಳಗೆ ಒಂದೂಕಾಲು ಅಡಿ ಎತ್ತರ ಒಲೆಯ ಭಾಗ. ಅದರ ನಡುವೆ ಹಿಂದಿನಿಂದ ಮುಂದಕ್ಕೆ 9 ಇಂಚಿನ ಗಿಡ್ಡ ಗೋಡೆ. ಇದರಿಂದ ಆರಾರು ಇಂಚಿನ ಎರಡು ಕಾಲುವೆ, ಎರಡು ಬಾಯಿ ಆಯಿತು. ನಾನು ಕಬ್ಬಿಣದ ಸಲಾಕೆ ಅಡ್ಡ ಇಡೋಣ ಅಂದಿದ್ದೆ. ಅಜ್ಜಿ “ಕಬ್ಬಿಣ ಕಾದು ಬಗ್ತದೆ, ಇಟ್ಟಿಗೇನೇ ಇಡು” ಅಂದರು. ಆರು ಇಂಚಿನ ಕಾಲುವೆಯ ಮೇಲೆ ಒಂಬತ್ತು ಇಂಚಿನ ಇಟ್ಟಿಗೆ ಎರಡು ಕಡೆಯೂ ಒಂದೂವರೆ ಇಂಚು ಭದ್ರವಾಗಿ ಕೂರುತ್ತದೆ. ಇಟ್ಟಿಗೆ ಇಟ್ಟಿಗೆಗೆ ಮಧ್ಯೆ ಎರಡು ಬೆರಳು ಸಂದು ಬಿಟ್ಟೆವು, ಉರಿ ಮೇಲೇರಲು. ಅದರ ಮೇಲೆ ಎರಡು ಅಡಿ ಎತ್ತರ ಮಡಕೆ ಜೋಡಿಸುವ ಗೂಡು, ತಲೆ ತೆರೆದೇ ಇರಬೇಕು. ಒಂದು ಪಕ್ಕದಲ್ಲಿ ಅರ್ಧ ಇಟ್ಟಿಗೆ ಎಳೆದು ತೆಗೆಯುವಂತೆ ಇಟ್ಟೆವು, ಒಳಗೆ ಇಣುಕಲು.

ಗಾರೆಗೆ ಸಿಮೆಂಟು ಬೇಡ, ಕಾವಿಗೆ ಬಿರುಕು ಬಿಡುತ್ತದೆ. ಕೆರೆ ಮಣ್ಣು, ಮರಳು, ಭತ್ತದ ಹೊಟ್ಟು, ಸಗಣಿ ಕಲಸಿ ಎರಡು ದಿನ ಕೊಳೆಹಾಕಿ ಬಳಸಿದೆವು. ಕಟ್ಟಿದ ಮೇಲೆ ಹದಿನೈದು ದಿನ ಆರಲು ಬಿಟ್ಟು, ಆಮೇಲೆ ಮೂರು ಸಂಜೆ ಬರಿಗೂಡಿಗೇ ಸಣ್ಣ ಉರಿ ಹಾಕಿದೆವು. ಆವಿಗೆಯೂ ಒಣಗಬೇಕಲ್ಲ! ಅಕ್ಕಪಕ್ಕದ ಮನೆಗಳಿಗೆ ನಾನೇ ಹೋಗಿ, ಬೆಂಕಿ ಹಾಕುವ ದಿನ ಮುಂಚೆಯೇ ತಿಳಿಸುತ್ತೇನೆ, ಅವತ್ತು ಬಟ್ಟೆ ಒಣಹಾಕಬೇಡಿ ಅಂತ ಹೇಳಿ ಬಂದೆ. ಒಂದು ಮನೆಯವರು ಮುಖ ಗಂಟು ಹಾಕಿದರು. ಮೊದಲ ಹಣತೆಗಳು ನಿಮಗೇ ಅಂದೆ, ಗಂಟು ಸ್ವಲ್ಪ ಸಡಿಲವಾಯಿತು.

ನನ್ನ ಆತುರ

ಇದೆಲ್ಲ 2024ರ ಅಕ್ಟೋಬರ್ ಹೊತ್ತಿಗೆ ಮುಗಿಯಿತು. ಅಜ್ಜಿ 12 ಸಾರಿನ ಮಡಕೆ ಮಾಡಿ ನಮ್ಮ ಹಿಂದಿನ ವರಾಂಡದಲ್ಲಿ ಒಣಗಲು ಇಟ್ಟರು. ದಪ್ಪ ತಳದ ಒಳ್ಳೆಯ ಮಡಕೆಗಳು. ನಾನು ಅಂಗೈಯಲ್ಲಿ ಒತ್ತಿ ಒತ್ತಿ 160 ಹಣತೆ ಮಾಡಿದ್ದೆ. ಪಕ್ಕದ ಬೀದಿಯ ದೇವಸ್ಥಾನದವರು ಕಾರ್ತೀಕದ ಮೊದಲ ಸೋಮವಾರಕ್ಕೆ 100 ಹಣತೆ ಬೇಕು ಅಂದಿದ್ದರು. ಒಂದಕ್ಕೆ 3 ರೂಪಾಯಿಯಂತೆ. ಜೀವಮಾನದಲ್ಲಿ ನನ್ನ ಕೈಕೆಲಸಕ್ಕೆ ಬಂದ ಮೊದಲ ಆರ್ಡರ್!

ಆದರೆ ಮಳೆ. ದಿನಾ ಮೋಡ, ದಿನಾ ಹನಿ. ಅಷ್ಟರಲ್ಲಿ ಅಜ್ಜಿಯ ಮೊಮ್ಮಗಳ ಮನೆಯಲ್ಲಿ ನಾಮಕರಣ. ಹೊರಡುವ ಮುಂಚೆ ಅಜ್ಜಿ ಒಂದು ಮಡಕೆ ಎತ್ತಿ ಕೆನ್ನೆಗೆ ಒತ್ತಿಕೊಂಡರು. ನನ್ನ ಕೆನ್ನೆಗೂ ಒತ್ತಿದರು.

“ತಣ್ಣಗೈತಾ?”

“ಹೂಂ, ಸ್ವಲ್ಪ.”

“ಹಂಗಾದ್ರೆ ಒಳ್ಗೆ ನೀರದೆ. ನಾ ಬರೋಗಂಟ ಬೆಂಕಿ ಇಕ್ಕಬ್ಯಾಡ ಕಣವ್ವ.”

ಸ್ಪಷ್ಟವಾಗಿ ಹೇಳಿ ಹೋಗಿದ್ದರು. ಕೇಳಿಸಲಿಲ್ಲ ಅನ್ನುವ ಹಾಗಿಲ್ಲ.

ಮೂರನೇ ದಿನ ಬೆಳಿಗ್ಗೆ ಬಿಸಿಲು ಬಂತು. ಕಾಫಿ ಕುಡಿಯುತ್ತಾ ನಮ್ಮವರು ಹಿತ್ತಿಲ ಕಡೆ ನೋಡಿ, “ಮುನ್ನೂರೈವತ್ತು ಇಟ್ಟಿಗೆ ತಂದು ತುಳಸಿಕಟ್ಟೆ ಕಟ್ಟಿಸಿದ್ಯೇನೇ?” ಅಂತ ನಕ್ಕರು. ಅವರು ತಮಾಷೆಗೇ ಅಂದದ್ದು. ನನಗೆ ಚುರುಕ್ ಅಂತು. ಮಡಕೆ ಮುಟ್ಟಿ ನೋಡಿದೆ, ಬೆಳ್ಳಗೆ ಒಣಗಿದ ಹಾಗೆ ಕಂಡವು. ಕೆನ್ನೆಗೆ ಒತ್ತಿ ನೋಡಲಿಲ್ಲ. ನಿಜ ಹೇಳಬೇಕೆಂದರೆ, ನೋಡಬಾರದು ಅಂತಲೇ ನೋಡಲಿಲ್ಲ.

ಅವರು ಕೆಲಸಕ್ಕೆ ಹೋದ ಮೇಲೆ ಮಡಕೆಗಳನ್ನು ಬೋರಲು ಜೋಡಿಸಿ, ಸಂದಿಗೆ ಹಣತೆ ತುಂಬಿ, ಮೇಲೆ ಹಳೇ ಓಡು ಮುಚ್ಚಿ, ಹತ್ತು ಗಂಟೆಗೆ ಬೆಂಕಿ ಹಚ್ಚಿದೆ. ಸಣ್ಣ ಉರಿ ಮೂರು ನಾಲ್ಕು ಗಂಟೆ ಇರಬೇಕೆಂದು ಅಜ್ಜಿ ಹೇಳಿದ್ದರು. ನಾನು ಅರ್ಧ ಗಂಟೆಗೇ ಎರಡು ಬಾಯಿಗೂ ಮಟ್ಟೆ ತುರುಕಿದೆ. ಉರಿ ಧಗಧಗ ಎದ್ದಿತು. ನೋಡಲು ಎಷ್ಟು ಚೆನ್ನ!

ಆಮೇಲೆ ಠಪ್ ಅಂತ ಒಂದು ಸದ್ದು. ಕರಟ ಸಿಡಿದಿರಬೇಕು ಅಂದುಕೊಂಡೆ. ಮತ್ತೆ ಠಪ್. ಮತ್ತೆ ಎರಡು. ಒಳಗಿಂದ ಅತ್ತೆಯವರು “ಯಾರೇ ಅದು, ಈಗಲೇ ಪಟಾಕಿ ಹಚ್ತಿರೋರು?” ಅಂತ ಕೂಗಿದರು. ಪಟಾಕಿ ಅಲ್ಲ ಅತ್ತೆ ಅನ್ನಲೂ ನನಗೆ ಬಾಯಿ ಬರಲಿಲ್ಲ. ಪ್ರತಿ ಸದ್ದಿಗೂ ಅಜ್ಜಿಯ ಒಂದೊಂದು ಮಡಕೆ ಎಣಿಸುತ್ತಾ ಆವಿಗೆಯ ಮುಂದೆ ಕೂತೆ. ಉರಿ ಎಳೆದರೂ ಆದದ್ದು ಆಗಿಹೋಗಿತ್ತು.

ಮಾರನೇ ದಿನ ತೆಗೆದೆ. ಅಜ್ಜಿಯ 12ರಲ್ಲಿ 7 ಹೋಗಿದ್ದವು. ನನ್ನ 160 ಹಣತೆಯಲ್ಲಿ 131 ಚೆನ್ನಾಗಿದ್ದವು! ತೆಳ್ಳಗಿನವು ಒಣಗಿದ್ದವು, ಬದುಕಿದವು. ದಪ್ಪ ತಳದವು ಒಳಗೊಳಗೇ ಹಸಿ, ಸಿಡಿದವು. ನನ್ನ ತಪ್ಪಿಗೆ ನನ್ನವು ಒಡೆದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ದೇವಸ್ಥಾನಕ್ಕೆ ಹಣತೆ ಕೊಟ್ಟು 300 ರೂಪಾಯಿ ಈಸಿಕೊಂಡಾಗ ಕೈಯೇ ಸುಟ್ಟಂತಾಯಿತು.

ಓಡು ಓದಿದ ಅಜ್ಜಿ

ಅಜ್ಜಿ ಬಂದ ದಿನ ಏನೇನೋ ಸುಳ್ಳು ಮನಸ್ಸಿನಲ್ಲಿ ಹೊಸೆದಿದ್ದೆ. ಮಳೆ ಬಂತು, ಗಾಳಿ ಬಂತು, ಇಟ್ಟಿಗೆ ಜಾರಿತು... ಅವರ ಮುಖ ನೋಡಿದ ಮೇಲೆ ಯಾವುದೂ ಬರಲಿಲ್ಲ. “ನೀವು ಬೇಡ ಅಂದರೂ ಬೆಂಕಿ ಹಾಕಿದೆ ಅಜ್ಜೀ. ಏಳು ಹೋದವು” ಅಂದು 1,050 ರೂಪಾಯಿ ಮುಂದಿಟ್ಟೆ. ಅವರು ಒಂದು ಮಡಕೆ 150ಕ್ಕೆ ಮಾರುತ್ತಿದ್ದರು.

ಅಜ್ಜಿ ದುಡ್ಡಿನ ಕಡೆ ನೋಡಲಿಲ್ಲ. “ಓಡು ಎಸ್ದಾ?” ಅಂದರು. ಇಲ್ಲ, ಗೋಣಿಚೀಲದಲ್ಲಿ ಇಟ್ಟಿದ್ದೆ. ಹಿತ್ತಿಲಲ್ಲಿ ಹರಡಿಸಿ, ಒಂದೊಂದೇ ಎತ್ತಿ ತೋರಿಸಿದರು. ಚಕ್ಕೆ ಚಕ್ಕೆಯಾಗಿ ಎದ್ದು ಬಂದಿದ್ದರೆ ಅದು ಒಳಗಿನ ನೀರು ಆವಿಯಾಗಿ ಸಿಡಿದದ್ದು. ಬಾಯಿಂದ ಕೆಳಕ್ಕೆ ಉದ್ದಕ್ಕೆ ಸೀಳಿದ್ದರೆ ಅದು ಬಿಸಿಯಿದ್ದಾಗ ತಣ್ಣನೆ ಗಾಳಿ ತಗುಲಿದ್ದು. ಮುರಿದ ಅಂಚಿನ ನಡುವೆ ಕಪ್ಪು ಗೆರೆ ಇದ್ದರೆ ಬೆಂಕಿ ಒಳಗಿನ ತನಕ ಹೋಗಿಲ್ಲ. ನನ್ನ ಓಡುಗಳಲ್ಲಿ ಆರು ಮಡಕೆಯವು ಚಕ್ಕೆ, ಒಂದು ಸೀಳು. ಎಲ್ಲದರಲ್ಲೂ ನಡುವೆ ಕಪ್ಪು.

“ನೋಡವ್ವ, ಬೆಂಕಿ ಮಡಕೆ ಒಡೆಯಾಕಿಲ್ಲ. ಒಳ್ಗೆ ಉಳ್ದಿರೋ ನೀರು ಒಡೀತದೆ. ನೀನು ಮ್ಯಾಲೆ ನೋಡ್ದೆ.”

ಅಷ್ಟೇ ಅಂದದ್ದು. ಬೈದಿದ್ದರೆ ಹಗುರಾಗುತ್ತಿದ್ದೆ. ಆಮೇಲೆ ದುಡ್ಡು ಎತ್ತಿ, ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಅದು ನನಗೆ ಸಮಾಧಾನವಾಯಿತು. ಬೇಡ ತಾಯಿ, ಪರವಾಗಿಲ್ಲ ಅಂದಿದ್ದರೆ ನಾನು ದೊಡ್ಡವಳು ಅವರು ಚಿಕ್ಕವರು ಅಂದ ಹಾಗಾಗುತ್ತಿತ್ತು. ಅವರ ದುಡಿಮೆ ಹೋಗಿತ್ತು, ಬೆಲೆ ತೆಗೆದುಕೊಂಡರು. ಓಡು ಮಾತ್ರ ಚೀಲಕ್ಕೆ ತುಂಬಿಸಿ, “ಮುಂದ್ಲ ಸಲ ಇದೇ ಮುಚ್ಚಳ” ಅಂದರು. ಸಣ್ಣ ಚೂರುಗಳನ್ನು ಕುಟ್ಟಿ ಜರಡಿ ಹಿಡಿದು ಹೊಸ ಮಣ್ಣಿಗೆ ಸೇರಿಸಿದೆವು. ಸುಟ್ಟ ಮಣ್ಣಿನ ಪುಡಿ ಸೇರಿದರೆ ಹಸಿ ಮಣ್ಣು ಬೇಗ ಒಣಗುತ್ತದೆ, ಕಾವನ್ನೂ ತಡೆಯುತ್ತದೆ.

ನಾನು ಎಸ್ಸೆಸ್ಸೆಲ್ಸಿ ತನಕ ಓದಿದವಳು. ಪಾಲಿಟೆಕ್ನಿಕ್ ಓದುತ್ತಿರುವ ಮಗನಿಗೆ ಅಜ್ಜಿಯ ಮಾತು ಹೇಳಿದಾಗ ಅವನು ಲೆಕ್ಕ ಕೊಟ್ಟ. ನೀರು 100 ಡಿಗ್ರಿಗೆ ಆವಿಯಾಗುತ್ತೆ. ಆವಿಗೆ ನೀರಿಗಿಂತ ಸಾವಿರಕ್ಕೂ ಹೆಚ್ಚು ಪಾಲು ಜಾಗ ಬೇಕು, ಮಣ್ಣಿನ ಸಣ್ಣ ತೂತುಗಳಲ್ಲಿ ಅಷ್ಟು ಬೇಗ ಹೊರಬರಲಾಗದೆ ಸಿಡಿಸುತ್ತದೆ. ಬಿಸಿಲಿಗೆ ಹೋಗದ ಇನ್ನೊಂದು ನೀರು ಮಣ್ಣಿನ ಕಣದಲ್ಲೇ ಬೆರೆತಿರುತ್ತದೆ. ಅದು ಹೋಗುವುದು ಸುಮಾರು 450ರಿಂದ 600 ಡಿಗ್ರಿಯಲ್ಲಿ. ಅದು ಹೋದ ಮೇಲೆ ಮಡಕೆ ನೀರಿನಲ್ಲಿ ನೆನೆದರೂ ಮತ್ತೆ ಮಣ್ಣಾಗುವುದಿಲ್ಲ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಮರಳಿನ ಹರಳು ತಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ತಟ್ಟನೆ ಕುಗ್ಗುತ್ತದೆ. ಅದಕ್ಕೇ ಏರುವಾಗಲೂ ಇಳಿಯುವಾಗಲೂ ನಿಧಾನ ಬೇಕು. ಅಜ್ಜಿಗೆ ಡಿಗ್ರಿ ಗೊತ್ತಿಲ್ಲ, ಕೆನ್ನೆ ಗೊತ್ತಿದೆ.

ಎರಡನೇ ಸಲ

ಈ ಸಲ ಅಜ್ಜಿ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತರು. ಹೊಸ 12 ಮಡಕೆ ಹತ್ತು ದಿನ ನೆರಳಲ್ಲಿ, ಮೂರು ದಿನ ಬಿಸಿಲಲ್ಲಿ ಒಣಗಿದ್ದವು. ರಾತ್ರಿ ಅಡಿಗೆಮನೆಯಲ್ಲಿ ಒಲೆಯ ಹತ್ತಿರ ಇಟ್ಟಿದ್ದೆ. ಒಂದೊಂದನ್ನೂ ಕೆನ್ನೆಗೆ ಒತ್ತಿಯೇ ಗೂಡಿಗೆ ಇಟ್ಟೆವು. ಮೇಲೆ ಆ ಏಳು ಮಡಕೆಯ ಓಡು, ಅದರ ಮೇಲೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿ ನಾಲ್ಕು ತೂತು ಬಿಟ್ಟೆವು.

ಬೆಳಿಗ್ಗೆ ಆರಕ್ಕೆ ಬಾಯಿಯ ಹೊರಗೇ ನಾಲ್ಕು ಕರಟದ ಉರಿ. ಒಳಗೆ ಬರೀ ಬೆಚ್ಚನೆ ಹೊಗೆ ಹೋಗಬೇಕು. ಆಗಾಗ ಮೇಲಿನ ತೂತಿನ ಮೇಲೆ ತಣ್ಣನೆ ಸ್ಟೀಲ್ ತಟ್ಟೆ ಹಿಡಿದು ನೋಡುವುದು. ಹನಿ ಕಟ್ಟಿದರೆ ಒಳಗೆ ಇನ್ನೂ ನೀರು ಇದೆ. ಹತ್ತೂವರೆ ತನಕ ಹನಿ ಕಟ್ಟುತ್ತಲೇ ಇತ್ತು! ನಾನು ಮೊದಲ ಸಲ ಅರ್ಧ ಗಂಟೆಗೆ ಮುಗಿಸಿದ್ದ ಕೆಲಸ ಅದು.

ತಟ್ಟೆ ಒಣಗಿದ ಮೇಲೆ ಉರಿ ನಿಧಾನವಾಗಿ ಒಳಕ್ಕೆ ಸರಿಸಿದೆವು. ಮಧ್ಯಾಹ್ನ ಇಣುಕಿದರೆ ಮಡಕೆಗಳೆಲ್ಲ ಮಸಿ ಮೆತ್ತಿ ಕಪ್ಪು. ನನಗೆ ಗಾಬರಿ. “ಇರು, ಮಸಿ ತಾನೇ ಉರೀತದೆ” ಅಂದರು. ಮೂರು ಗಂಟೆ ಹೊತ್ತಿಗೆ ಮಸಿ ಕಳಚಿ ಮಡಕೆ ತನ್ನ ಬಣ್ಣಕ್ಕೆ ಬಂತು. ಆಮೇಲೆ ಒಣ ಗರಿ, ಮಟ್ಟೆ ಕೊಟ್ಟು ಉರಿ ಏರಿಸಿದೆವು. ಸಂಜೆ ಒಳಗೆಲ್ಲ ದಾಸವಾಳದ ಕೆಂಪು. ಇನ್ನೊಂದು ಗಂಟೆಗೆ ಅದು ಕಿತ್ತಳೆಯ ಕಡೆ ತಿರುಗಿತು. ಮಗನ ಲೆಕ್ಕದಲ್ಲಿ ಅದು 800 ಡಿಗ್ರಿಯ ಮೇಲೆ. ಊರ ಮಡಕೆಗೆ 700ರಿಂದ 900 ಸಾಕು. ಅರ್ಧ ಗಂಟೆ ಅಲ್ಲೇ ನಿಲ್ಲಿಸಿ, ಎರಡೂ ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದೆವು.

ಮಾರನೇ ದಿನ ಆವಿಗೆ ಇನ್ನೂ ಬೆಚ್ಚಗಿತ್ತು, ಮುಟ್ಟಲಿಲ್ಲ. ಮೂರನೇ ಬೆಳಿಗ್ಗೆ ಓಡು ಸರಿಸಿದೆವು. ಹನ್ನೆರಡರಲ್ಲಿ ಒಂದಕ್ಕೆ ಕಂಠದಲ್ಲಿ ಬಿರುಕು, ಒಂದರ ಕೆನ್ನೆಗೆ ಹೊಗೆಯ ಕಪ್ಪು ಮಚ್ಚೆ. ಉಳಿದ ಹತ್ತೂ ಕೆಂಪಗೆ ನಗುತ್ತಿದ್ದವು. ಅಜ್ಜಿ ಒಂದೊಂದನ್ನೂ ಎಡಗೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಚೆನ್ನಾಗಿ ಬೆಂದ ಮಡಕೆ ಠಣ್ ಅನ್ನುತ್ತದೆ, ಕೂದಲೆಳೆ ಬಿರುಕಿದ್ದರೂ ಡಬ್ ಅನ್ನುತ್ತದೆ. ಹನ್ನೆರಡನೇ ಶತಮಾನದ ಶರಣ ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ಸದ್ದಿಗೆ ಶಿವನೇ ಕುಣಿದ ಅಂತ ಹರಿಹರ ಕವಿಯ ರಗಳೆಯಲ್ಲಿ ಕಥೆ ಇದೆಯಲ್ಲ, ಅದು ನೆನಪಾಯಿತು. ನಮ್ಮ ಹಿತ್ತಿಲಲ್ಲಿ ಕುಣಿದವಳು ನಾನೊಬ್ಬಳೇ.

ನಮ್ಮವರು ಆ ಮಚ್ಚೆ ಇದ್ದ ಮಡಕೆಯನ್ನು ತಿರುಗಿಸಿ ನೋಡಿ, “ಇದು ನಮ್ಮನೆಗೆ ಇರಲಿ, ಅಜ್ಜಿಗೆ ದುಡ್ಡು ಕೊಟ್ಟುಬಿಡು” ಅಂದರು. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಅನ್ನುವ ಗಾದೆ ಹಾಕುತ್ತಾರೇನೋ ಅಂತ ಕಾದೆ. ಹಾಕಲಿಲ್ಲ.

ಈಗ ಮಳೆಗಾಲ ಬಿಟ್ಟು ತಿಂಗಳಿಗೊಮ್ಮೆ ಆವಿಗೆ ಹಾಕುತ್ತೇವೆ. ಕರಟ, ಮಟ್ಟೆ ನನ್ನದು, ಮಡಕೆ ಅಜ್ಜಿಯದು, ಮಾರಿದ ದುಡ್ಡೂ ಅವರದೇ. ಹಣತೆ, ಕುಡಿಕೆ ನನ್ನದು. ಬೆಂಕಿ ಹಚ್ಚುವ ಮಾತು ಮಾತ್ರ ಅಜ್ಜಿಯದು.

ಮಾಡಬಯಸುವ ಸೋದರಿಯರಿಗೆ

ನೈಲಾನ್ ಸೀರೆ ಉಟ್ಟು ಆವಿಗೆ ಹತ್ತಿರ ಹೋಗಬೇಡಿ, ಹತ್ತಿಯದೇ ಉಟ್ಟು ಸೆರಗು ಬಿಗಿಯಾಗಿ ಸಿಕ್ಕಿಸಿ. ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು ಕೈಗೆಟಕುವಂತಿರಲಿ. ಇಣುಕುವ ತೂತಿಗೆ ಮುಖ ಒಡ್ಡಬೇಡಿ, ಒಂದು ಮೊಳ ದೂರದಿಂದ ನೋಡಿ. ಚಿಕ್ಕ ಮಕ್ಕಳು ಹಿತ್ತಿಲಿಗೆ ಬರದಂತೆ ಬಾಗಿಲು ಹಾಕಿ. ಪ್ಲಾಸ್ಟಿಕ್, ಬಣ್ಣ ಹಚ್ಚಿದ ಹಲಗೆ ಉರಿಗೆ ಹಾಕಲೇಬೇಡಿ, ಹೊಗೆ ವಿಷ. ನಿಮ್ಮ ಊರಿನಲ್ಲಿ ಕುಂಬಾರರು ಇದ್ದರೆ ಮೊದಲು ಅವರ ಹತ್ತಿರ ಹೋಗಿ, ಕಲಿಸಿದ್ದಕ್ಕೆ ದುಡ್ಡು ಕೊಡಿ. ಕ್ರಮವಾಗಿ ಕಲಿಯಬೇಕೆಂದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ.

ಹೊಸ ಮಡಕೆ ತಂದವರು ಒಂದು ಇಡೀ ದಿನ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಅಕ್ಕಿ ತೊಳೆದ ನೀರು ಅಥವಾ ಗಂಜಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ಅದರಲ್ಲೇ ಆರಲು ಬಿಡಿ. ಗಂಜಿ ಸಣ್ಣ ತೂತುಗಳಲ್ಲಿ ಕೂತು ಜಿನುಗು ನಿಲ್ಲುತ್ತದೆ. ಖಾಲಿ ಮಡಕೆ ಒಲೆಗಿಡಬೇಡಿ, ಬಿಸಿ ಮಡಕೆಯನ್ನು ಒದ್ದೆ ಕಟ್ಟೆಯ ಮೇಲೆ ಇಡಬೇಡಿ. ಸೋಪಿನ ಪುಡಿ ಬೇಡ, ಮಣ್ಣು ಅದನ್ನು ಹೀರುತ್ತದೆ. ಬಿಸಿನೀರು, ತೆಂಗಿನ ನಾರು ಸಾಕು. ಹಾಂ, ತೊಳೆದ ಮೇಲೆ ಪೂರ್ತಿ ಒಣಗಿಸಿಯೇ ಎತ್ತಿಡಿ. ಒಣಗಿದೆಯೋ ಇಲ್ಲವೋ ಅನ್ನುವುದಕ್ಕೆ ಕೆನ್ನೆ ಇದೆ.

ಮುಂದಿನ ಸಂಚಿಕೆಯಲ್ಲಿ, ಆ ಮಚ್ಚೆ ಮಡಕೆಯಲ್ಲಿ ನಾನು ಮಾಡುವ ಹುರುಳಿ ಕಟ್ಟಿನ ಸಾರು.